ಎರಡು ಕಣ್ಣುಗಳ ನಡುವಿನ ಆರು ಸೆಂಟಿಮೀಟರ್

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟವು ಒಂದು ತೆಳುವಾದ ಪೊರೆ. ಹೊರಗಿನ ಲೋಕಕ್ಕೆ ಉದ್ದ, ಅಗಲ, ಆಳ ಎಂಬ ಮೂರು ಆಯಾಮಗಳಿದ್ದರೂ ಆ ಪೊರೆಯ ಮೇಲೆ ಮೂಡುವ ಬಿಂಬಕ್ಕೆ ಇರುವುದು ಎರಡೇ. ಕಣ್ಣಿನಿಂದ ನೇರವಾಗಿ ಎಳೆದ ಒಂದು ಗೆರೆಯ ಮೇಲೆ ಅರ್ಧ ಮೀಟರ್ ದೂರದಲ್ಲಿರುವ ಚುಕ್ಕೆಯಾಗಲಿ, ಐದು ಮೀಟರ್ ಆಚೆಗಿನ ದೀಪವಾಗಲಿ, ಆಕಾಶದ ನಕ್ಷತ್ರವಾಗಲಿ ಅಕ್ಷಿಪಟದ ಒಂದೇ ಜಾಗಕ್ಕೆ ತಮ್ಮ ಬೆಳಕನ್ನು ಕಳಿಸುತ್ತವೆ. ಬೆಳಕು ಯಾವ ದಿಕ್ಕಿನಿಂದ ಬಂತೆಂಬುದು ಬಿಂಬದಲ್ಲಿ ಉಳಿಯುತ್ತದೆ. ಎಷ್ಟು ದೂರದಿಂದ ಬಂತೆಂಬುದು ಕಣ್ಣನ್ನು ಹೊಕ್ಕ ಕ್ಷಣದಲ್ಲೇ ಅಳಿಸಿಹೋಗುತ್ತದೆ. ಹೀಗಿದ್ದರೂ ನಾವು ಸೂಜಿಗೆ ದಾರ ಪೋಣಿಸುತ್ತೇವೆ, ಲೋಟದ ಅಂಚಿಗೆ ತಾಗದಂತೆ ಹಾಲು ಸುರಿಯುತ್ತೇವೆ, ಮೆಟ್ಟಿಲಿಳಿಯುವಾಗ ಮುಂದಿನ ಹೆಜ್ಜೆ ಎಲ್ಲಿ ಊರಬೇಕೆಂದು ಯೋಚಿಸದೆಯೇ ಊರುತ್ತೇವೆ. ಕಳೆದುಹೋದ ಮೂರನೆಯ ಆಯಾಮವನ್ನು ಮಿದುಳು ಎಲ್ಲಿಂದ ಮರಳಿ ಪಡೆಯುತ್ತದೆ ಎಂಬುದೇ ಈ ಲೇಖನದ ವಿಷಯ.

ಒಂದೇ ಕಣ್ಣಿಗೂ ದೂರವನ್ನು ಊಹಿಸುವ ದಾರಿಗಳು ಹಲವಿವೆ. ಹತ್ತಿರದ ವಸ್ತು ದೂರದ್ದನ್ನು ಮರೆಮಾಡುತ್ತದೆ. ಗೊತ್ತಿರುವ ಗಾತ್ರದ ವಸ್ತು ದೂರ ಸರಿದಷ್ಟೂ ಚಿಕ್ಕದಾಗಿ ಕಾಣುತ್ತದೆ. ರೈಲು ಹಳಿಗಳು ದಿಗಂತದತ್ತ ಕೂಡುತ್ತ ಹೋಗುತ್ತವೆ. ದೂರದ ಬೆಟ್ಟಗಳು ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ನೀಲಿಗಟ್ಟಿ ಮಸುಕಾಗುತ್ತವೆ. ಬಸ್ಸಿನ ಕಿಟಕಿಯಿಂದ ನೋಡುವಾಗ ರಸ್ತೆಬದಿಯ ಮರಗಳು ಸರ್ರನೆ ಹಿಂದೋಡುತ್ತವೆ, ಬೆಟ್ಟಗಳು ಜೊತೆಯಲ್ಲೇ ಬರುತ್ತಿರುವಂತೆ ತೋರುತ್ತವೆ. ಚಲನೆಯಿಂದ ಸಿಗುವ ಈ ಸುಳಿವು ಬಹಳ ಪ್ರಬಲವಾದದ್ದು. ಆದರೆ ತಲೆಯೂ ವಸ್ತುವೂ ಅಲುಗಾಡದೆ ಇರುವಾಗ, ವಸ್ತುವಿನ ಗಾತ್ರ ಮೊದಲೇ ತಿಳಿಯದೆ ಇರುವಾಗ, ದೂರವನ್ನು ರೇಖಾಗಣಿತದ ಮೂಲಕವೇ ನಿಖರವಾಗಿ ಅಳೆಯಲು ಎರಡು ಕಣ್ಣುಗಳು ಬೇಕು.

ವಯಸ್ಕರ ಎರಡು ಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್ ಅಂತರವಿರುತ್ತದೆ. ಇಷ್ಟು ಅಂತರದಿಂದಾಗಿ ಎರಡು ಕಣ್ಣುಗಳು ಒಂದೇ ನೋಟವನ್ನು ಎರಡು ಸ್ಥಾನಗಳಿಂದ ನೋಡುತ್ತವೆ ಮತ್ತು ಎರಡು ಬಿಂಬಗಳು ಎಂದೂ ಒಂದೇ ಆಗಿರುವುದಿಲ್ಲ. ದಿನವಿಡೀ ನಮ್ಮೊಳಗೆ ಇರುವ ಈ ವ್ಯತ್ಯಾಸವನ್ನು ಗಮನಿಸಲು ಎರಡು ಪೆನ್ಸಿಲ್‌ಗಳು ಸಾಕು. ಒಂದನ್ನು ಮುಖದಿಂದ ಸುಮಾರು 25 ಸೆಂಟಿಮೀಟರ್ ದೂರದಲ್ಲಿ, ಇನ್ನೊಂದನ್ನು ಅದರ ನೇರಕ್ಕೆ ತೋಳಳತೆಯಲ್ಲಿ ನೆಟ್ಟಗೆ ಹಿಡಿದು ಹತ್ತಿರದ್ದನ್ನು ದಿಟ್ಟಿಸಿದರೆ ದೂರದ ಪೆನ್ಸಿಲ್ ಎರಡಾಗಿ ಕಾಣುತ್ತದೆ. ಆಗ ಬಲಗಣ್ಣನ್ನು ಮುಚ್ಚಿದರೆ ಬಲಬದಿಯ ಬಿಂಬ ಮಾಯವಾಗುತ್ತದೆ. ಈಗ ದೂರದ ಪೆನ್ಸಿಲನ್ನು ದಿಟ್ಟಿಸಿ. ಹತ್ತಿರದ್ದು ಎರಡಾಗುತ್ತದೆ, ಆದರೆ ಬಲಗಣ್ಣನ್ನು ಮುಚ್ಚಿದಾಗ ಈ ಸಲ ಮಾಯವಾಗುವುದು ಎಡಬದಿಯ ಬಿಂಬ. ದಿಟ್ಟಿ ನೆಟ್ಟ ಜಾಗಕ್ಕಿಂತ ಆಚೆಗಿರುವ ವಸ್ತುಗಳ ಬಿಂಬಗಳು ಒಂದು ದಿಕ್ಕಿಗೂ ಈಚೆಗಿರುವವುಗಳ ಬಿಂಬಗಳು ಅದಕ್ಕೆ ವಿರುದ್ಧ ದಿಕ್ಕಿಗೂ ಸರಿಯುತ್ತವೆ. ವಸ್ತು ಮುಂದಿದೆಯೋ ಹಿಂದಿದೆಯೋ ಎಂಬ ಸುದ್ದಿ ಈ ದಿಕ್ಕಿನಲ್ಲೇ ಅಡಗಿದೆ. ಎಷ್ಟು ಮುಂದೆ, ಎಷ್ಟು ಹಿಂದೆ ಎಂಬುದು ಸರಿದ ಪ್ರಮಾಣದಲ್ಲಿದೆ.

ಇದನ್ನು ಸ್ವಲ್ಪ ಬಿಗಿಯಾಗಿ ಹೇಳುವುದಾದರೆ, ನಾವು ಒಂದು ಬಿಂದುವನ್ನು ದಿಟ್ಟಿಸಿದಾಗ ಎರಡು ಕಣ್ಣುಗಳೂ ಅದರತ್ತ ತಿರುಗಿ ಅದರ ಬಿಂಬ ಎರಡೂ ಅಕ್ಷಿಪಟಗಳ ನಟ್ಟನಡುವಿನ ಕುಳಿಯಾದ ಫೋವಿಯಾದ ಮೇಲೆ ಬೀಳುವಂತೆ ನಿಲ್ಲುತ್ತವೆ. ಆ ಬಿಂದು ಮತ್ತು ಎರಡು ಕಣ್ಣುಗಳ ಮೂಲಕ ಹಾದುಹೋಗುವ ಒಂದು ವೃತ್ತವನ್ನು ಕಲ್ಪಿಸಿಕೊಂಡರೆ, ಅದರ ಮೇಲಿನ ಪ್ರತಿಯೊಂದು ಬಿಂದುವಿನ ಬಿಂಬವೂ ಎರಡು ಅಕ್ಷಿಪಟಗಳ ಹೊಂದಾಣಿಕೆಯಾಗುವ ಜಾಗಗಳಲ್ಲೇ ಮೂಡುತ್ತದೆ. ಇಂಥ ಬಿಂದುಗಳ ಸಮೂಹಕ್ಕೆ ಹೊರಾಪ್ಟರ್ ಎಂದು 1613ರಲ್ಲೇ ಅಗ್ವಿಲೋನಿಯಸ್ ಎಂಬ ವಿದ್ವಾಂಸ ಹೆಸರಿಟ್ಟಿದ್ದ. ಆ ವೃತ್ತದ ಒಳಗೆ ಅಥವಾ ಹೊರಗೆ ಇರುವ ವಸ್ತುವಿನ ಬಿಂಬಗಳು ಹೊಂದದ ಜಾಗಗಳಲ್ಲಿ ಬೀಳುತ್ತವೆ. ಅವುಗಳ ನಡುವಿನ ಈ ಪಲ್ಲಟವನ್ನೇ ಇಲ್ಲಿ ಬಿಂಬಭೇದ ಎಂದು ಕರೆಯೋಣ. ಬಿಂಬಭೇದ ಚಿಕ್ಕದಾಗಿರುವವರೆಗೆ ಮಿದುಳು ಎರಡು ಬಿಂಬಗಳನ್ನು ಬೆಸೆದು ಒಂದೇ ವಸ್ತುವನ್ನಾಗಿ ತೋರಿಸುತ್ತದೆ ಮತ್ತು ಭೇದವನ್ನು ಆಳವನ್ನಾಗಿ ಓದಿಕೊಳ್ಳುತ್ತದೆ. ಬೆಸುಗೆಗೆ ಒಂದು ಮಿತಿಯಿದೆಯೆಂದೂ ಅದನ್ನು ಮೀರಿದಾಗಲೇ ವಸ್ತು ಎರಡಾಗಿ ಕಾಣುವುದೆಂದೂ 1858ರಲ್ಲಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಪೀಟರ್ ಪಾನುಮ್.

ಈ ಅಳತೆ ಎಷ್ಟು ಸೂಕ್ಷ್ಮವಾದದ್ದೆಂದು ತಿಳಿದಾಗ ಬೆರಗಾಗದೆ ಇರಲು ಸಾಧ್ಯವಿಲ್ಲ. ಒಂದು ಡಿಗ್ರಿ ಕೋನವನ್ನು 3,600 ಭಾಗ ಮಾಡಿದರೆ ಅದರಲ್ಲೊಂದು ಭಾಗ ಒಂದು ಕೋನ ಸೆಕೆಂಡು. ಎರಡು ಕಣ್ಣುಗಳೂ ಚೆನ್ನಾಗಿರುವ ವ್ಯಕ್ತಿಯು ಸುಮಾರು 20 ಕೋನ ಸೆಕೆಂಡಿನಷ್ಟು ಬಿಂಬಭೇದವನ್ನು ಗುರುತಿಸಬಲ್ಲ. ನುರಿತವರು ಅದರ ಅರ್ಧವನ್ನೂ ಗುರುತಿಸಬಲ್ಲರು. ಹತ್ತು ಮೀಟರ್ ದೂರದಲ್ಲಿಟ್ಟ ಒಂದು ಮಿಲಿಮೀಟರ್ ವಸ್ತು ಕಣ್ಣಿನಲ್ಲಿ ಮಾಡುವ ಕೋನ ಸುಮಾರು 20 ಕೋನ ಸೆಕೆಂಡು. ಅಕ್ಷಿಪಟದ ಮೇಲೆ ಅಷ್ಟು ಕೋನವೆಂದರೆ ಸುಮಾರು 1.6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಫೋವಿಯಾದಲ್ಲಿ ಒತ್ತೊತ್ತಾಗಿ ಜೋಡಿಸಿರುವ ಶಂಕುಕೋಶಗಳ ಅಗಲವೇ ಅದಕ್ಕಿಂತ ಹೆಚ್ಚು. ಬೆಳಕನ್ನು ಗ್ರಹಿಸುವ ಕೋಶದ ಅಗಲಕ್ಕಿಂತ ಚಿಕ್ಕದಾದ ಪಲ್ಲಟವನ್ನು ಮಿದುಳು ಕಂಡುಹಿಡಿಯುವುದು ಒಂದೊಂದೇ ಕೋಶದ ಮಾತನ್ನು ಕೇಳಿಕೊಂಡಲ್ಲ, ಅಕ್ಕಪಕ್ಕದ ಹಲವಾರು ಕೋಶಗಳ ಸಂಕೇತಗಳನ್ನು ಒಟ್ಟಾಗಿ ತೂಗಿ.

ಆದರೆ ಈ ಸೂಕ್ಷ್ಮತೆ ದೂರದೊಂದಿಗೆ ಬಹಳ ಬೇಗ ಕುಸಿಯುತ್ತದೆ. ಬಿಂಬಭೇದವು ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುವುದರಿಂದ, ದೂರ ಹತ್ತು ಪಟ್ಟಾದರೆ ಅಷ್ಟೇ ಆಳವು ಉಂಟುಮಾಡುವ ಭೇದ ನೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿದರೆ, ಅರ್ಧ ಮೀಟರ್ ದೂರದಲ್ಲಿ ಒಂದು ಮಿಲಿಮೀಟರಿನ ಅರ್ಧಕ್ಕಿಂತ ಕಡಿಮೆ ಆಳವನ್ನು ಗುರುತಿಸುವ ಅದೇ ಕಣ್ಣುಗಳಿಗೆ ಐದು ಮೀಟರ್ ದೂರದಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್, 50 ಮೀಟರ್ ದೂರದಲ್ಲಿ ಸುಮಾರು ನಾಲ್ಕು ಮೀಟರ್ ವ್ಯತ್ಯಾಸ ಬೇಕಾಗುತ್ತದೆ. ಕೆಲವು ನೂರು ಮೀಟರುಗಳಾಚೆ ಎರಡು ಕಣ್ಣಿದ್ದೂ ಒಂದು ಕಣ್ಣಿದ್ದಂತೆಯೇ. ಎರಡು ಕಣ್ಣುಗಳ ಆಳದೃಷ್ಟಿ ಮುಖ್ಯವಾಗಿ ಕೈಗೆಟುಕುವ ಲೋಕದ ಸಾಧನ.

ಮನ್ಸೂರ್ ಅಲಿ ಖಾನ್ ಪಟೌಡಿಯವರ ಬದುಕು ಇದಕ್ಕೆ ಸಾಕ್ಷಿ. 1961ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಗಾಜಿನ ಚೂರು ಹೊಕ್ಕು ಅವರ ಬಲಗಣ್ಣಿನ ದೃಷ್ಟಿ ಹಾಳಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಪ್ರವೇಶ ಮಾಡಿದರು, 1962ರ ಮಾರ್ಚಿನಲ್ಲಿ 21ನೆಯ ವಯಸ್ಸಿಗೇ ಭಾರತ ತಂಡದ ನಾಯಕರಾದರು, ಒಟ್ಟು 46 ಟೆಸ್ಟ್‌ಗಳಲ್ಲಿ ಆರು ಶತಕಗಳನ್ನು ಹೊಡೆದರು. ಅಪಘಾತದ ನಂತರ ಲೋಟಕ್ಕೆ ಸುರಿಯಲು ಹೋದ ನೀರು ಮೇಜಿನ ಮೇಲೆ ಬೀಳುತ್ತಿತ್ತೆಂದು ಅವರೇ ಹೇಳಿಕೊಂಡಿದ್ದರು. ವೇಗದ ಬೌಲಿಂಗನ್ನು ಎದುರಿಸಬಲ್ಲವರಿಗೆ ನೀರು ಸುರಿಯುವುದು ಕಷ್ಟವಾಯಿತೆಂಬುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರಿದರೂ ಮೇಲಿನ ಲೆಕ್ಕದೊಂದಿಗೆ ಅದು ಸರಿಯಾಗಿ ಹೊಂದುತ್ತದೆ. ಪಿಚ್‌ನ ಆ ತುದಿಯಲ್ಲಿ, ಅಂದರೆ 20 ಮೀಟರ್ ದೂರದಲ್ಲಿ, ಎರಡು ಕಣ್ಣುಗಳ ಬಿಂಬಭೇದದಿಂದ ಅರ್ಧ ಮೀಟರಿಗಿಂತ ಸಣ್ಣ ವ್ಯತ್ಯಾಸ ತಿಳಿಯುವುದೇ ಕಷ್ಟ. ಚೆಂಡು ಬಂದು ತಲುಪಲು ಎಷ್ಟು ಹೊತ್ತು ಉಳಿದಿದೆ ಎಂಬುದನ್ನು ಅದರ ಬಿಂಬ ಹಿಗ್ಗುವ ವೇಗದಿಂದಲೇ ಅಂದಾಜು ಮಾಡಬಹುದು, ಮತ್ತು ಅದಕ್ಕೆ ಒಂದು ಕಣ್ಣು ಸಾಕು. ಲೋಟದ ಅಂಚು ಮಾತ್ರ ಎರಡು ಕಣ್ಣುಗಳ ಸಾಮ್ರಾಜ್ಯಕ್ಕೆ ಸೇರಿದ್ದು. ಇಷ್ಟು ಹೇಳಿದ ಮಾತ್ರಕ್ಕೆ ಪಟೌಡಿಯವರ ಸಾಧನೆ ಕಿರಿದಾಗುವುದಿಲ್ಲ. ಚೆಂಡು ಬ್ಯಾಟಿನ ಬಳಿಗೆ ಬಂದ ಕೊನೆಯ ಗಳಿಗೆಯಲ್ಲಿ ಅವರು ಕಳೆದುಕೊಂಡಿದ್ದು ದೊಡ್ಡದೇ.

ದೂರದ ವಸ್ತುಗಳ ಆಳವನ್ನು ಅಳೆಯಬೇಕಾದರೆ ಕಣ್ಣುಗಳ ನಡುವಿನ ಅಂತರವನ್ನು ಹಿಗ್ಗಿಸಬೇಕು. ಇಸ್ರೋ ಸಂಸ್ಥೆಯು 2005ರ ಮೇ 5ರಂದು ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹ ಮಾಡಿದ್ದು ಇದನ್ನೇ. ಅದರಲ್ಲಿದ್ದ ಎರಡು ಕ್ಯಾಮೆರಾಗಳಲ್ಲಿ ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿದ್ದವು. 618 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತ ಒಂದೇ ನೆಲವನ್ನು ಒಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಎರಡು ಕಡೆಗಳಿಂದ ಚಿತ್ರೀಕರಿಸುವುದರಿಂದ, ನೂರಾರು ಕಿಲೋಮೀಟರ್ ಅಂತರದಲ್ಲಿ ಎರಡು ಕಣ್ಣುಗಳನ್ನಿಟ್ಟು ಭೂಮಿಯ ಏರುತಗ್ಗುಗಳನ್ನು ನೋಡಿದಂತಾಗುತ್ತಿತ್ತು. 2008ರ ಚಂದ್ರಯಾನ-1ರ ಭೂದೃಶ್ಯ ನಕ್ಷೆಯ ಕ್ಯಾಮೆರಾ ಚಂದ್ರನ ಕುಳಿಗಳ ಆಳವನ್ನು ಕಂಡುಕೊಂಡದ್ದೂ ಮುಂದೆ, ಕೆಳಗೆ, ಹಿಂದೆ ಎಂಬ ಮೂರು ನೋಟಗಳ ಭೇದದಿಂದ. ಖಗೋಳಶಾಸ್ತ್ರದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಭೂಮಿಯ ಕಕ್ಷೆಯ ಎರಡು ತುದಿಗಳು, ಅಂದರೆ ಸುಮಾರು 30 ಕೋಟಿ ಕಿಲೋಮೀಟರ್ ಅಂತರದ ಎರಡು ಜಾಗಗಳು, ಎರಡು ಕಣ್ಣುಗಳಾಗುತ್ತವೆ. ಈ ವಿಧಾನದಿಂದ ಜರ್ಮನಿಯ ಬೆಸೆಲ್ 61 ಸಿಗ್ನಿ ಎಂಬ ನಕ್ಷತ್ರದ ದೂರವನ್ನು ಪ್ರಕಟಿಸಿದ್ದು 1838ರಲ್ಲಿ.

ಅದೇ 1838ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಚಾರ್ಲ್ಸ್ ವೀಟ್‌ಸ್ಟೋನ್ ರಾಯಲ್ ಸೊಸೈಟಿಯ ಮುಂದೆ ಮನುಷ್ಯನ ಎರಡು ಕಣ್ಣುಗಳ ಬಗ್ಗೆ ತನ್ನ ಪ್ರಬಂಧವನ್ನು ಮಂಡಿಸಿದ. ಎರಡು ಕಣ್ಣುಗಳಿಗೆ ಬೇರೆಬೇರೆ ನೋಟ ದಕ್ಕುತ್ತದೆಂಬುದು ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ಒಂದು ಗೋಳದ ಹಿಂದಿರುವ ಹಿನ್ನೆಲೆಯ ಬೇರೆಬೇರೆ ಭಾಗಗಳನ್ನು ಎರಡು ಕಣ್ಣುಗಳು ನೋಡುತ್ತವೆಂದೂ, ಆದ್ದರಿಂದ ಯಾವ ವರ್ಣಚಿತ್ರವೂ ನಿಜವಾದ ವಸ್ತುವಿನ ಉಬ್ಬನ್ನು ಪೂರ್ತಿಯಾಗಿ ತೋರಿಸಲಾರದೆಂದೂ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದ. ಆದರೂ ಆ ಭೇದವನ್ನು ಎಲ್ಲರೂ ಒಂದು ತೊಡಕೆಂದೇ ಭಾವಿಸಿದ್ದರು. ಎರಡು ಬಿಂಬಗಳಿದ್ದರೂ ಲೋಕ ಒಂದಾಗಿ ಕಾಣುವುದೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ವೀಟ್‌ಸ್ಟೋನ್ ಪ್ರಶ್ನೆಯನ್ನೇ ತಿರುಗಿಸಿದ: ಭೇದವೇ ಆಳದ ಮೂಲವಾಗಿದ್ದರೆ, ಚಪ್ಪಟೆಯಾದ ಎರಡು ಚಿತ್ರಗಳಲ್ಲಿ ಆ ಭೇದವನ್ನು ಕೃತಕವಾಗಿ ಇಟ್ಟಾಗಲೂ ಆಳ ಕಾಣಬೇಕಲ್ಲವೇ? ಅವನು ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ ಜೋಡಿಸಿ, ಎಡಗಣ್ಣಿಗೆ ಒಂದು ರೇಖಾಚಿತ್ರ, ಬಲಗಣ್ಣಿಗೆ ಸ್ವಲ್ಪವೇ ಭಿನ್ನವಾದ ಇನ್ನೊಂದು ರೇಖಾಚಿತ್ರ ಕಾಣುವಂತೆ ಮಾಡಿದ. ಕಾಗದದ ಮೇಲಿನ ಗೆರೆಗಳು ಗಾಳಿಯಲ್ಲಿ ನಿಂತ ಘನಾಕೃತಿಯಾದವು. ಆ ಉಪಕರಣವೇ ಸ್ಟೀರಿಯೋಸ್ಕೋಪ್. ಛಾಯಾಗ್ರಹಣ ಇನ್ನೂ ಜನರ ಕೈಗೆ ಬಂದಿರಲಿಲ್ಲವಾದ್ದರಿಂದ ಅವನು ಬರಿಯ ಗೆರೆಗಳನ್ನು ಬಳಸಬೇಕಾಯಿತು. ಇದರಿಂದ ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ನೆರಳು, ಬಣ್ಣ, ಮೇಲ್ಮೈಯ ವಿವರ ಯಾವುದೂ ಇಲ್ಲದ ಚಿತ್ರದಲ್ಲಿ ಆಳ ಮೂಡಿದಾಗ ಅದರ ಕಾರಣದ ಬಗ್ಗೆ ಹೆಚ್ಚು ಅನುಮಾನ ಉಳಿಯುವುದಿಲ್ಲ.

ಆದರೂ ಒಂದು ಅನುಮಾನ ಉಳಿದಿತ್ತು, ಮತ್ತು ಅದು ನೂರಿಪ್ಪತ್ತು ವರ್ಷಗಳಷ್ಟು ಕಾಲ ಬಾಳಿತು. ಮಿದುಳು ಮೊದಲು ಎಡಗಣ್ಣಿನ ಬಿಂಬದಲ್ಲಿ ಒಂದು ಕುರ್ಚಿಯನ್ನು, ಬಲಗಣ್ಣಿನ ಬಿಂಬದಲ್ಲಿ ಒಂದು ಕುರ್ಚಿಯನ್ನು ಗುರುತಿಸಿ, ಆಮೇಲೆ ಎರಡನ್ನೂ ಹೋಲಿಸುತ್ತದೆಯೇ? ಅಥವಾ ಏನನ್ನೂ ಗುರುತಿಸುವ ಮೊದಲೇ ಹೋಲಿಕೆ ನಡೆದುಹೋಗುತ್ತದೆಯೇ? ಮೊದಲನೆಯದೇ ಸಹಜವೆಂದು ಬಹುತೇಕರು ನಂಬಿದ್ದರು. 1956ರಲ್ಲಿ ಹಂಗೆರಿಯನ್ನು ತೊರೆದು ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದ ಬೇಲಾ ಯೂಲೆಸ್‌ಗೆ ಇದು ಸರಿಯೆನಿಸಲಿಲ್ಲ. ಹಸಿರಿನಲ್ಲಿ ಮರೆಮಾಡಿಟ್ಟ ವಸ್ತು ಒಂಟಿ ವೈಮಾನಿಕ ಚಿತ್ರದಲ್ಲಿ ಕಾಣದಿದ್ದರೂ ಜೋಡಿ ಚಿತ್ರಗಳನ್ನು ಎರಡು ಕಣ್ಣುಗಳಿಂದ ನೋಡಿದಾಗ ಎದ್ದು ಕಾಣುತ್ತದೆಂಬುದು ಆತನಿಗೆ ತಿಳಿದಿತ್ತು. ಆತ ಕಂಪ್ಯೂಟರಿನಿಂದ ಕಪ್ಪುಬಿಳುಪು ಚುಕ್ಕೆಗಳನ್ನು ಯಾವ ಕ್ರಮವೂ ಇಲ್ಲದೆ ಚೆಲ್ಲಿಸಿ ಒಂದು ಚಿತ್ರ ಮಾಡಿದ. ಅದರದೇ ಪ್ರತಿಯೊಂದರಲ್ಲಿ ನಡುವಿನ ಚೌಕದಷ್ಟು ಚುಕ್ಕೆಗಳನ್ನು ಮಾತ್ರ ಪಕ್ಕಕ್ಕೆ ಸ್ವಲ್ಪ ಸರಿಸಿ, ತೆರವಾದ ಜಾಗವನ್ನು ಹೊಸ ಚುಕ್ಕೆಗಳಿಂದ ತುಂಬಿದ. ಯಾವ ಚಿತ್ರವನ್ನು ಒಂಟಿಯಾಗಿ ಎಷ್ಟು ಹೊತ್ತು ನೋಡಿದರೂ ಅಲ್ಲಿ ಚೌಕವಿಲ್ಲ. ಎರಡನ್ನೂ ಒಂದೊಂದು ಕಣ್ಣಿಗೆ ತೋರಿಸಿದಾಗ ಚೌಕವೊಂದು ಹಿನ್ನೆಲೆಯಿಂದ ಬಿಡಿಸಿಕೊಂಡು ಮುಂದೆ ತೇಲುತ್ತದೆ. 1960ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಇಡೀ ದೃಷ್ಟಿವಿಜ್ಞಾನದ ಅತ್ಯಂತ ಸುಂದರ ಪ್ರಯೋಗಗಳಲ್ಲೊಂದಾಗಿ ಕಾಣುತ್ತದೆ. ಆ ಚೌಕ ಎಡಗಣ್ಣಿನಲ್ಲೂ ಇಲ್ಲ, ಬಲಗಣ್ಣಿನಲ್ಲೂ ಇಲ್ಲ. ಎರಡರ ಹೋಲಿಕೆಯಲ್ಲಿ ಮಾತ್ರ ಇದೆ. ಗುರುತಿಸುವಿಕೆ ಮೊದಲಾಗಿದ್ದರೆ ಅದು ಎಂದೂ ಕಾಣುತ್ತಿರಲಿಲ್ಲ.

ಯೂಲೆಸ್‌ನ ಚುಕ್ಕೆಗಳು ಹಳೆಯ ಪ್ರಶ್ನೆಗೆ ಉತ್ತರ ಕೊಡುತ್ತ ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯನ್ನು ಎತ್ತಿದವು. ಎಡಬಿಂಬದ ಒಂದು ಕಪ್ಪು ಚುಕ್ಕೆಗೆ ಬಲಬಿಂಬದ ಸಾವಿರಾರು ಕಪ್ಪು ಚುಕ್ಕೆಗಳಲ್ಲಿ ಜೋಡಿ ಯಾವುದು? ಒಂದೇ ಸಮವಸ್ತ್ರ ತೊಟ್ಟ ಸಾವಿರ ಮಕ್ಕಳ ಎರಡು ಚಿತ್ರಗಳನ್ನು ಮುಂದಿಟ್ಟು, ಮುಖ ನೋಡದೆ ಯಾವ ಮಗು ಯಾವುದೆಂದು ಹೊಂದಿಸಲು ಹೇಳಿದಂತಹ ಸಮಸ್ಯೆ ಇದು. ಪ್ರತಿಯೊಂದು ತಪ್ಪು ಜೋಡಿಯೂ ಲೋಕದಲ್ಲಿಲ್ಲದ ಒಂದು ಸುಳ್ಳು ಆಳವನ್ನು ಸೂಚಿಸುತ್ತದೆ. ಡೇವಿಡ್ ಮಾರ್ ಮತ್ತು ಟೊಮಾಸೊ ಪೊಜಿಯೊ 1976ರಲ್ಲಿ ಇದಕ್ಕೊಂದು ಗಣನಾಕ್ರಮವನ್ನು ಸೂಚಿಸಿದರು. ಲೋಕದ ಬಗ್ಗೆ ಎರಡು ಸಾಮಾನ್ಯ ಸತ್ಯಗಳನ್ನು ಒಪ್ಪಿಕೊಂಡರೆ ತಪ್ಪು ಜೋಡಿಗಳಲ್ಲಿ ಹೆಚ್ಚಿನವು ತಾವಾಗಿ ಉದುರಿಹೋಗುತ್ತವೆ ಎಂಬುದು ಅವರ ವಾದ: ಒಂದು ಬಿಂದು ಒಮ್ಮೆಗೆ ಒಂದೇ ಕಡೆ ಇರಬಲ್ಲದು, ಆದ್ದರಿಂದ ಅದಕ್ಕೆ ಒಂದೇ ಜೋಡಿ, ಮತ್ತು ವಸ್ತುಗಳ ಮೇಲ್ಮೈ ಸಾಮಾನ್ಯವಾಗಿ ನಯವಾಗಿ ಮುಂದುವರಿಯುತ್ತದೆ, ಆದ್ದರಿಂದ ಅಕ್ಕಪಕ್ಕದ ಬಿಂದುಗಳ ಭೇದಗಳೂ ಹತ್ತಿರ ಹತ್ತಿರ ಇರುತ್ತವೆ. ಮಿದುಳು ಇದೇ ಕ್ರಮವನ್ನು ಅನುಸರಿಸುತ್ತದೆಂದು ಹೇಳಲಾಗದು. ಆದರೆ ಕಣ್ಣು ಕಂಡದ್ದನ್ನು ಬರಿದೇ ದಾಖಲಿಸುವುದಿಲ್ಲ, ಲೋಕ ಹೇಗಿರಬಹುದೆಂಬ ತಿಳಿವಳಿಕೆಯನ್ನೂ ಬಳಸುತ್ತದೆಂಬುದನ್ನು ಈ ಕೆಲಸ ಸ್ಪಷ್ಟಗೊಳಿಸಿತು.

ಇನ್ನು ಮಿದುಳಿನ ಒಳಗೆ ಹೋಗೋಣ. ಹೋಲಿಕೆ ನಡೆಯಬೇಕಾದರೆ ನೋಟದ ಒಂದೇ ಭಾಗಕ್ಕೆ ಸಂಬಂಧಿಸಿದ ಎರಡು ಕಣ್ಣುಗಳ ಸಂಕೇತಗಳು ಒಂದೆಡೆ ಕೂಡಬೇಕು. ಕಣ್ಣುಗಳ ಹಿಂದೆ ಎರಡು ದೃಷ್ಟಿನರಗಳು ಸಂಧಿಸುವ ಕತ್ತರಿಯಾಕಾರದ ಜಾಗದಲ್ಲಿ ಇದಕ್ಕೆ ಏರ್ಪಾಡಾಗಿದೆ. ಅಲ್ಲಿ ಪ್ರತಿ ಕಣ್ಣಿನಿಂದ ಬಂದ ನರತಂತುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವು, ಅಂದರೆ ಅಕ್ಷಿಪಟದ ಮೂಗಿನ ಬದಿಯಿಂದ ಹೊರಟವು, ಎದುರು ಬದಿಗೆ ದಾಟುತ್ತವೆ. ಉಳಿದವು ತಮ್ಮ ಬದಿಯಲ್ಲೇ ಮುಂದುವರಿಯುತ್ತವೆ. ಪರಿಣಾಮವಾಗಿ ನೋಟದ ಎಡಭಾಗದ ಸುದ್ದಿ ಎರಡೂ ಕಣ್ಣುಗಳಿಂದ ಬಲಮಿದುಳಿಗೆ, ಬಲಭಾಗದ ಸುದ್ದಿ ಎಡಮಿದುಳಿಗೆ ಹೋಗುತ್ತದೆ. ತಂತುಗಳು ಹೀಗೆ ಅರೆಬರೆಯಾಗಿ ದಾಟುತ್ತಿರಬೇಕೆಂದು 1704ರಷ್ಟು ಹಿಂದೆಯೇ ನ್ಯೂಟನ್ ಊಹಿಸಿದ್ದ. ದಾರಿಯ ನಡುವೆ, ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದಲ್ಲಿ ಆರು ಪದರಗಳ ಒಂದು ನಿಲುಗಡೆಯಿದೆ. ಅಲ್ಲಿ ಪ್ರತಿ ಪದರವೂ ಒಂದೊಂದು ಕಣ್ಣಿಗೆ ಮೀಸಲಾಗಿದ್ದು ಎರಡರ ಸಂಕೇತಗಳು ಪಕ್ಕಪಕ್ಕದಲ್ಲಿದ್ದರೂ ಬೆರೆಯುವುದಿಲ್ಲ. ಅವು ಮೊದಲ ಬಾರಿಗೆ ಒಂದೇ ನರಕೋಶವನ್ನು ತಲುಪುವುದು ತಲೆಯ ಹಿಂಭಾಗದಲ್ಲಿರುವ ಮಿದುಳಿನ ದೃಷ್ಟಿಕೇಂದ್ರದಲ್ಲಿ.

ಆ ಕೋಶಗಳು ಬಿಂಬಭೇದವನ್ನು ಅಳೆಯುತ್ತವೆಯೇ ಎಂಬುದಕ್ಕೆ 1967ರಲ್ಲಿ ಉತ್ತರ ಸಿಕ್ಕಿತು. ಹೊರೇಸ್ ಬಾರ್ಲೋ, ಕಾಲಿನ್ ಬ್ಲೇಕ್‌ಮೋರ್ ಮತ್ತು ಜ್ಯಾಕ್ ಪೆಟಿಗ್ರೂ ಬೆಕ್ಕಿನ ದೃಷ್ಟಿಕೇಂದ್ರದಲ್ಲಿ, ಒಂದು ನಿರ್ದಿಷ್ಟ ಭೇದವಿರುವಾಗ ಮಾತ್ರ ಜೋರಾಗಿ ಸ್ಪಂದಿಸುವ ಕೋಶಗಳನ್ನು ಕಂಡರು. ಕೆಲವು ಕೋಶಗಳಿಗೆ ದಿಟ್ಟಿಯ ಮಟ್ಟಕ್ಕಿಂತ ಈಚೆಗಿನ ವಸ್ತು ಇಷ್ಟ, ಕೆಲವಕ್ಕೆ ಆಚೆಗಿನದು. ಆದರೆ ಈ ಮೊದಲ ಅಳತೆಯೇ ನಮ್ಮ ಅನುಭವವಲ್ಲ. ಯೂಲೆಸ್‌ನ ಚುಕ್ಕೆಚಿತ್ರಗಳ ಜೋಡಿಯಲ್ಲಿ ಒಂದು ಕಣ್ಣಿನ ಚಿತ್ರದ ಕಪ್ಪುಬಿಳುಪುಗಳನ್ನು ಅದಲುಬದಲು ಮಾಡಿದರೆ ನಮಗೆ ಆಳ ಕಾಣುವುದಿಲ್ಲ. ಆದರೂ ಮೊದಲ ಹಂತದ ದೃಷ್ಟಿಕೇಂದ್ರದ ಕೋಶಗಳು ಆ ಸುಳ್ಳು ಜೋಡಿಗೂ ಸ್ಪಂದಿಸುತ್ತವೆ ಎಂದು ಆಕ್ಸ್‌ಫರ್ಡಿನ ಬ್ರೂಸ್ ಕಮಿಂಗ್ ಮತ್ತು ಆ್ಯಂಡ್ರೂ ಪಾರ್ಕರ್ 1997ರಲ್ಲಿ ತೋರಿಸಿದರು. ಸುಳ್ಳು ಜೋಡಿಗಳನ್ನು ಜರಡಿ ಹಿಡಿಯುವ ಕೆಲಸ ಮುಂದಿನ ಹಂತಗಳಲ್ಲಿ ನಡೆಯುತ್ತದೆ. ಮರುವರ್ಷವೇ ವಿಲಿಯಂ ನ್ಯೂಸಮ್ ಮತ್ತು ಸಂಗಡಿಗರು ಮಂಗಗಳ ಮಿದುಳಿನಲ್ಲಿ ಅಂಥ ಮುಂದಿನ ಪ್ರದೇಶವೊಂದರ ಕೋಶಗಳನ್ನು ಸಣ್ಣ ವಿದ್ಯುತ್ ಪ್ರವಾಹದಿಂದ ಪ್ರಚೋದಿಸಿ, ಆಳದ ಬಗೆಗಿನ ಮಂಗಗಳ ತೀರ್ಮಾನವನ್ನೇ ಬದಲಾಯಿಸಿದರು.

ಬಿಂಬಭೇದ ಗೊತ್ತಾದ ಮಾತ್ರಕ್ಕೆ ದೂರ ಗೊತ್ತಾಗುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ದೂರದ ವರ್ಗದ ನಿಯಮದಿಂದಾಗಿ, ಅರ್ಧ ಮೀಟರ್ ದೂರದಲ್ಲಿ ನಾಲ್ಕು ಮಿಲಿಮೀಟರ್ ಆಳವನ್ನು ಸೂಚಿಸುವ ಭೇದವೇ ಐದು ಮೀಟರ್ ದೂರದಲ್ಲಿ ಸುಮಾರು 40 ಸೆಂಟಿಮೀಟರ್ ಆಳವನ್ನು ಸೂಚಿಸುತ್ತದೆ. ಹೀಗಾಗಿ ದಿಟ್ಟಿ ಎಷ್ಟು ದೂರದಲ್ಲಿ ನೆಟ್ಟಿದೆ ಎಂಬುದನ್ನೂ ಮಿದುಳು ತಿಳಿದಿರಬೇಕು. ಓದುವ ಪುಸ್ತಕ 40 ಸೆಂಟಿಮೀಟರ್ ದೂರದಲ್ಲಿದ್ದಾಗ ಎರಡು ಕಣ್ಣುಗಳ ನೋಟದ ಗೆರೆಗಳು ಸುಮಾರು 9 ಡಿಗ್ರಿ ಕೋನದಲ್ಲಿ ಕೂಡುತ್ತವೆ, ಆರು ಮೀಟರ್ ದೂರದ ಗೋಡೆಯನ್ನು ನೋಡುವಾಗ ಬರೀ 0.6 ಡಿಗ್ರಿಯಲ್ಲಿ. ಕಣ್ಣುಗಳನ್ನು ಒಳಮುಖವಾಗಿ ತಿರುಗಿಸಲು ಮಿದುಳು ಸ್ನಾಯುಗಳಿಗೆ ಕೊಟ್ಟ ಆಜ್ಞೆಯೇ ದೂರದ ಒಂದು ಸುಳಿವಾಗುತ್ತದೆ. ಜೊತೆಯಲ್ಲಿ ಮಸೂರವೂ ಅದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಸಹಜ ನೋಟದಲ್ಲಿ ಈ ಎರಡು ಕ್ರಿಯೆಗಳು ಎಂದೂ ಅಗಲುವುದಿಲ್ಲ. ತ್ರೀಡಿ ಸಿನಿಮಾ ಮತ್ತು ವರ್ಚುವಲ್ ರಿಯಾಲಿಟಿ ಕನ್ನಡಕಗಳು ಅವನ್ನು ಅಗಲಿಸುತ್ತವೆ: ಕಣ್ಣುಗಳು ಮುಂದೆ ಚಾಚಿಬಂದ ವಸ್ತುವಿನತ್ತ ಒಳಮುಖವಾಗಿ ತಿರುಗಬೇಕು, ಆದರೆ ಬೆಳಕು ಬರುತ್ತಿರುವುದು ಪರದೆಯಿಂದಲೇ ಆದ್ದರಿಂದ ಮಸೂರ ಪರದೆಯ ದೂರದಲ್ಲೇ ನಿಲ್ಲಬೇಕು. ನೋಡುಗರಿಗೆ ಆಗುವ ಕಣ್ಣುನೋವು ಮತ್ತು ತಲೆಭಾರಕ್ಕೆ ಈ ಸಂಘರ್ಷ ಒಂದು ಕಾರಣವೆಂದು ಬರ್ಕ್ಲಿಯ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಯೋಗದಿಂದ ತೋರಿಸಿದರು.

ಎರಡು ಕಣ್ಣುಗಳೂ ಮುಂದಕ್ಕೆ ನೋಡುವ ಏರ್ಪಾಡಿಗೆ ಬೆಲೆ ತೆರಬೇಕಾಗುತ್ತದೆ. ಮೊಲದ ಕಣ್ಣುಗಳು ತಲೆಯ ಪಕ್ಕಗಳಲ್ಲಿದ್ದು ಸುತ್ತಲಿನ ಬಹುತೇಕ ಎಲ್ಲವನ್ನೂ ಕಾಣುತ್ತವೆ. ನಮಗೆ ಬೆನ್ನ ಹಿಂದಿನದು ಕಾಣುವುದಿಲ್ಲ, ಬದಲಿಗೆ ಎದುರಿನ ಸುಮಾರು 120 ಡಿಗ್ರಿಯಷ್ಟು ನೋಟ ಎರಡೂ ಕಣ್ಣುಗಳಿಗೆ ಸಮಾನವಾಗಿ ದಕ್ಕುತ್ತದೆ. ನಮ್ಮ ಪೂರ್ವಜರು ಈ ವಿನಿಮಯಕ್ಕೆ ಏಕೆ ಒಪ್ಪಿದರೆಂಬುದಕ್ಕೆ ಅಮೆರಿಕದ ಮಾನವಶಾಸ್ತ್ರಜ್ಞ ಮ್ಯಾಟ್ ಕಾರ್ಟ್‌ಮಿಲ್ 1970ರ ದಶಕದಲ್ಲಿ ಒಂದು ವಿವರಣೆ ಕೊಟ್ಟರು: ತೆಳುಕೊಂಬೆಗಳ ನಡುವೆ ಕೀಟಗಳನ್ನು ಕೈಯಿಂದ ಹಿಡಿದು ತಿನ್ನುವ ಪ್ರಾಣಿಗೆ ದೂರದ ಖಚಿತವಾದ ಅಳತೆ ಬೇಕು. ಕರ್ನಾಟಕದ ಕುರುಚಲು ಕಾಡುಗಳಲ್ಲಿ ರಾತ್ರಿ ಹೊತ್ತು ಹುಳುಹುಪ್ಪಟೆ ಹಿಡಿಯುವ ಕಾಡುಪಾಪದ ಮುಖವನ್ನು ನೋಡಿದವರಿಗೆ, ಮುಖದ ತುಂಬ ಮುಂದಕ್ಕೆ ನೆಟ್ಟ ಆ ದೊಡ್ಡ ಕಣ್ಣುಗಳನ್ನು ಕಂಡವರಿಗೆ, ಈ ವಿವರಣೆ ಕೂಡಲೇ ಮನಸ್ಸಿಗೆ ಹತ್ತುತ್ತದೆ. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ.

ಈ ಶಕ್ತಿ ಬೆನ್ನೆಲುಬಿರುವ ಪ್ರಾಣಿಗಳಿಗಷ್ಟೇ ಸೀಮಿತವೂ ಅಲ್ಲ. ಮುಂಗಾಲುಗಳನ್ನು ಕೈಮುಗಿದಂತೆ ಹಿಡಿದು ಹೊಂಚುವ ಮ್ಯಾಂಟಿಸ್ ಕೀಟ ಬಿಂಬಭೇದವನ್ನು ಬಳಸುತ್ತದೆಂದು 1983ರಲ್ಲಿ ಸಾಮ್ಯುಯೆಲ್ ರೊಸೆಲ್ ತೋರಿಸಿದ್ದರು. 2016ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಜೆನ್ನಿ ರೀಡ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿವೇಕ್ ನಿತ್ಯಾನಂದ ಸೇರಿದ್ದ ತಂಡವು ಜೇನುಮೇಣದಿಂದ ಅಂಟಿಸಿದ ನೀಲಿ ಮತ್ತು ಹಸಿರು ಬಣ್ಣದ ಪುಟ್ಟ ಕನ್ನಡಕಗಳನ್ನು ಮ್ಯಾಂಟಿಸ್‌ಗಳಿಗೆ ತೊಡಿಸಿ ತ್ರೀಡಿ ದೃಶ್ಯಗಳನ್ನು ತೋರಿಸಿತು. ಪರದೆಯ ಮುಂದೆ ತೇಲುವಂತೆ ಕಾಣುವ ಹುಳುವಿನತ್ತ ಕೀಟಗಳು ಮುಂಗಾಲು ಚಾಚಿ ಎರಗಿದವು. 2018ರ ಅವರ ಮುಂದಿನ ಫಲಿತಾಂಶ ಇನ್ನೂ ಸ್ವಾರಸ್ಯಕರವಾದದ್ದು. ಮ್ಯಾಂಟಿಸ್ ಎರಡು ಚಿತ್ರಗಳ ಚುಕ್ಕೆಗಳನ್ನು ಒಂದೊಂದಾಗಿ ಹೊಂದಿಸುವ ಗೋಜಿಗೆ ಹೋಗುವುದಿಲ್ಲ. ಎರಡು ಕಣ್ಣುಗಳಲ್ಲೂ ಯಾವ ಜಾಗದಲ್ಲಿ ಬದಲಾವಣೆಯಾಗುತ್ತಿದೆ ಎಂಬುದನ್ನಷ್ಟೇ ಹೋಲಿಸುತ್ತದೆ. ಚಲಿಸುವ ಬೇಟೆಯನ್ನು ಹಿಡಿಯಲು ಅಷ್ಟು ಸಾಕು. ಯೂಲೆಸ್ ಎತ್ತಿದ ಜೋಡಣೆಯ ಕಠಿಣ ಸಮಸ್ಯೆಯನ್ನು ಅದು ಬಿಡಿಸದೆಯೇ ದಾಟಿಹೋಗುತ್ತದೆ.

ಮನುಷ್ಯರಲ್ಲಿ ಈ ಶಕ್ತಿ ಹುಟ್ಟುವಾಗ ಸಿದ್ಧವಾಗಿರುವುದಿಲ್ಲ. ಮಗುವಿಗೆ ಮೂರರಿಂದ ಐದು ತಿಂಗಳಾಗುವ ಹೊತ್ತಿಗೆ ಅದು ಕಾಣಿಸಿಕೊಳ್ಳುತ್ತದೆ ಮತ್ತು ಮುಂದಿನ ವರ್ಷಗಳಲ್ಲಿ ಹರಿತಗೊಳ್ಳುತ್ತದೆ. ಅದು ಬೆಳೆಯಬೇಕಾದರೆ ಎರಡೂ ಕಣ್ಣುಗಳಿಂದ ಸ್ಪಷ್ಟವಾದ, ಪರಸ್ಪರ ಹೊಂದುವ ಬಿಂಬಗಳು ಮಿದುಳನ್ನು ತಲುಪುತ್ತಿರಬೇಕು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ವಾರಗಳ ಕಾಲ ಮುಚ್ಚಿಟ್ಟಾಗ, ಆ ಕಣ್ಣು ತೆರೆದ ಮೇಲೂ ದೃಷ್ಟಿಕೇಂದ್ರದ ಕೋಶಗಳು ಅದಕ್ಕೆ ಸ್ಪಂದಿಸದೆ ಹೋದವು. ಬೆಳೆದ ಬೆಕ್ಕುಗಳಲ್ಲಿ ಹಾಗಾಗಲಿಲ್ಲ. 1965ರಲ್ಲಿ ಅವರು ಮರಿಗಳ ಕಣ್ಣಿನ ಸ್ನಾಯುವನ್ನು ಕತ್ತರಿಸಿ ಮೆಳ್ಳೆಗಣ್ಣನ್ನು ಉಂಟುಮಾಡಿದಾಗ ಎರಡೂ ಕಣ್ಣುಗಳು ಬೇರೆಬೇರೆಯಾಗಿ ಚೆನ್ನಾಗಿಯೇ ಕಂಡವು, ಆದರೆ ಎರಡಕ್ಕೂ ಸ್ಪಂದಿಸುವ ಕೋಶಗಳು ಬಹುತೇಕ ಇಲ್ಲವಾದವು. 1981ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಈ ಫಲಿತಾಂಶಗಳು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದವು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದೂ, ಬೆಳೆಯುತ್ತ ತಾನೇ ಸರಿಹೋಗುತ್ತದೆಂದೂ ನಂಬಿ ಕಾಯುವ ಕುಟುಂಬಗಳು ಇವತ್ತಿಗೂ ಇವೆ, ಮತ್ತು ಆ ಕಾಯುವಿಕೆಯಲ್ಲಿ ಕಳೆದುಹೋಗುವುದು ಮುಖದ ಅಂದವಷ್ಟೇ ಅಲ್ಲ. ಎರಡು ಕಣ್ಣುಗಳು ಬೇರೆಬೇರೆ ದಿಕ್ಕಿಗೆ ನೋಡುತ್ತಿದ್ದರೆ ಮಗುವಿನ ಮಿದುಳು ಗೊಂದಲವನ್ನು ತಪ್ಪಿಸಲು ಒಂದು ಕಣ್ಣಿನ ಬಿಂಬವನ್ನು ಅದುಮಿಡುತ್ತದೆ. ಬಳಕೆ ತಪ್ಪಿದ ಆ ಕಣ್ಣು ಕಾಲಕ್ರಮದಲ್ಲಿ ಮಂದವಾಗುತ್ತದೆ. ಇದನ್ನೇ ಸೋಮಾರಿ ಕಣ್ಣು ಎನ್ನುತ್ತಾರೆ. ಹುಟ್ಟಿದ ಮೊದಲ ಎರಡು ಮೂರು ತಿಂಗಳಲ್ಲಿ ಮಗುವಿನ ಕಣ್ಣುಗಳು ಆಗಾಗ ಅತ್ತಿತ್ತ ವಾಲುವುದು ಸಹಜ. ಯಾವಾಗಲೂ ವಾಲಿಯೇ ಇದ್ದರೆ ಅಥವಾ ನಾಲ್ಕು ತಿಂಗಳಾದ ಮೇಲೂ ವಾಲುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು, ಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ ಒಂದು ದಿನವೂ ತಡಮಾಡಬಾರದು. ಅಗಲವಾದ ಮೂಗಿನ ಬುಡದಿಂದಾಗಿ ಮೆಳ್ಳೆಗಣ್ಣಿನಂತೆ ತೋರುವ, ಆದರೆ ದೋಷವೇನೂ ಇಲ್ಲದ ಮಕ್ಕಳೂ ಇರುತ್ತಾರೆ. ಅದನ್ನು ತೀರ್ಮಾನಿಸುವುದೂ ವೈದ್ಯರ ಕೆಲಸವೇ. ಚಿಕಿತ್ಸೆಯೆಂದರೆ ಕನ್ನಡಕ, ಚೆನ್ನಾಗಿರುವ ಕಣ್ಣಿಗೆ ದಿನದಲ್ಲಿ ಕೆಲವು ಗಂಟೆ ಪಟ್ಟಿ ಅಥವಾ ಅದರ ನೋಟವನ್ನು ಮಸುಕುಗೊಳಿಸುವ ಹನಿ, ಬೇಕಾದಲ್ಲಿ ಸ್ನಾಯುಗಳ ಶಸ್ತ್ರಚಿಕಿತ್ಸೆ. ಏಳೆಂಟು ವರ್ಷಕ್ಕೆ ಮೊದಲು, ಸಾಧ್ಯವಾದಷ್ಟೂ ಬೇಗ ಮಾಡಿದಾಗ ಇದರ ಫಲ ಹೆಚ್ಚು.

ವಯಸ್ಸು ಮೀರಿದರೆ ಬಾಗಿಲು ಪೂರ್ತಿ ಮುಚ್ಚಿಹೋಗುತ್ತದೆಂದು ಬಹಳ ಕಾಲ ನಂಬಲಾಗಿತ್ತು. ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಈ ನಂಬಿಕೆಯನ್ನು ಅಲುಗಾಡಿಸಿದವರು. ಶೈಶವದಿಂದ ಮೆಳ್ಳೆಗಣ್ಣಿದ್ದ ಅವರಿಗೆ ಬಾಲ್ಯದ ಶಸ್ತ್ರಚಿಕಿತ್ಸೆಗಳ ನಂತರ ಕಣ್ಣುಗಳು ನೇರವಾಗಿ ಕಂಡರೂ ಬಿಂಬಭೇದದ ಆಳ ಕಂಡಿರಲಿಲ್ಲ. 48ನೆಯ ವಯಸ್ಸಿನಲ್ಲಿ, ಎರಡು ಕಣ್ಣುಗಳನ್ನು ಒಂದೇ ಜಾಗಕ್ಕೆ ನೆಡುವ ಅಭ್ಯಾಸಗಳನ್ನು ಮಾಡಿದ ಮೇಲೆ, ತಮ್ಮ ಕಾರಿನ ಸ್ಟೀರಿಂಗ್ ಚಕ್ರವು ಅದರ ಹಿಂದಿನ ಫಲಕದಿಂದ ಬೇರ್ಪಟ್ಟು ಮುಂದೆ ನಿಂತಂತೆ ಅವರಿಗೆ ಮೊದಲ ಬಾರಿಗೆ ಕಂಡಿತು. ವಯಸ್ಕರಲ್ಲಿ ಇಂಥ ಚೇತರಿಕೆ ಸಾಧ್ಯ, ಆದರೆ ಎಲ್ಲರಿಗೂ ಆಗುವುದಿಲ್ಲ.

ಮೆಳ್ಳೆಗಣ್ಣಿಗಿಂತ ಹೆಚ್ಚು ಚಿಂತೆಗೀಡುಮಾಡುವುದು ಹೊರಗೆ ಯಾವ ಗುರುತೂ ತೋರದ ಸೋಮಾರಿ ಕಣ್ಣು. ಎರಡು ಕಣ್ಣುಗಳ ಪವರ್‌ನಲ್ಲಿ ದೊಡ್ಡ ವ್ಯತ್ಯಾಸವಿರುವ ಮಗುವಿನ ಕಣ್ಣುಗಳು ನೇರವಾಗಿಯೇ ಇರುತ್ತವೆ, ಒಳ್ಳೆಯ ಕಣ್ಣಿನಿಂದ ಅದು ಓಡಾಡುತ್ತದೆ, ಓದುತ್ತದೆ, ದೂರು ಹೇಳುವುದಿಲ್ಲ. ಇನ್ನೊಂದು ಕಣ್ಣು ಮಂಜಾಗಿದೆಯೆಂಬುದು ಮಗುವಿಗೇ ತಿಳಿದಿರುವುದಿಲ್ಲ. ಎರಡೂ ಕಣ್ಣು ತೆರೆದಿಟ್ಟು ಮಾಡುವ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಒಂದು ಕಣ್ಣನ್ನು ಪೂರ್ತಿಯಾಗಿ ಮುಚ್ಚಿ ಇನ್ನೊಂದರಿಂದ ಓದಿಸಬೇಕು, ಆಮೇಲೆ ಅದನ್ನು ಮುಚ್ಚಿ ಮೊದಲನೆಯದರಿಂದ ಓದಿಸಬೇಕು. ಆಳದೃಷ್ಟಿಯನ್ನು ನೇರವಾಗಿ ಅಳೆಯುವ ಪರೀಕ್ಷೆಗಳೂ ಇವೆ: ಎರಡು ಕಣ್ಣುಗಳಿಗೆ ಬೇರೆಬೇರೆ ಚಿತ್ರ ಕಾಣಿಸುವ ಧ್ರುವೀಕೃತ ಕನ್ನಡಕ ತೊಡಿಸಿ ದೊಡ್ಡ ನೊಣದ ಚಿತ್ರವೊಂದನ್ನು ತೋರಿಸಿ ಅದರ ರೆಕ್ಕೆ ಹಿಡಿಯಲು ಹೇಳಿದಾಗ, ಆಳ ಕಾಣುವ ಮಗುವಿನ ಬೆರಳುಗಳು ಹಾಳೆಗಿಂತ ಮೇಲೆ ಗಾಳಿಯಲ್ಲೇ ಕೂಡುತ್ತವೆ, ಕಾಣದ ಮಗುವಿನ ಬೆರಳುಗಳು ಹಾಳೆಯನ್ನು ಮುಟ್ಟುತ್ತವೆ. ಈ ಎರಡೂ ಪರೀಕ್ಷೆಗಳನ್ನು ಮೂರು ನಾಲ್ಕನೆಯ ವಯಸ್ಸಿನಲ್ಲೇ, ಶಾಲೆಗೆ ಸೇರಿಸುವ ಮೊದಲೇ ಮಾಡಿಸಬಹುದು. ಅಕ್ಷರ ಬಾರದ ಮಕ್ಕಳಿಗಾಗಿ ಅಕ್ಷರಗಳ ಬದಲು ಚಿತ್ರಗಳಿರುವ ಫಲಕಗಳು ಕಣ್ಣಿನ ಆಸ್ಪತ್ರೆಗಳಲ್ಲಿ ಇರುತ್ತವೆ.